ಗುಂಡುಕಲ್ಲೂ ತಟ್ಟೆಯೂ

"ನಿನ್ನ ಕಂಪ್ಯೂಟರ್ ಮೇಲೆ ಕೂತ್ಕೊಂಡು ಊಟ ಮಾಡಬಹುದು ಅಣ್ಣ, ಅದರಲ್ಲಿ ಕೆಲಸ ಮಾಡೋಕಾಗಲ್ಲ," ಎಂದ ನನ್ನ ತಮ್ಮ.

"ನಿನ್ನದರಲ್ಲಿ ಊಟ ಬಡಿಸಬಹುದು. ತಟ್ಟೆ ಅದು, ತಟ್ಟೆ. ಯಾರಾದ್ರೂ ಜೋರಾಗಿ ಸೀನಿದ್ರೆ ಹಾರಿ ಹೋಗುತ್ತೆ."

"ಈಗಿನ ಕಾಲದಲ್ಲಿ ಯಾರೂ ಕಂಪ್ಯೂಟರನ್ನ ತೂಕ ಹಾಕಿಸಿ ಕೊಳ್ಳಲ್ಲ."

"ನೀನು ತೊಟ್ಟಿಲಲ್ಲಿ ಹೊರಳ್ತಿದ್ದಾಗ ನಾನು ಸುತ್ತಿಗೆ ಹಿಡಿದವನು. ಈಗಿನ ಕಾಲದ ಪಾಠ ನನಗೆ ಹೇಳ್ಬೇಡ."

ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಎಸೆದೆ. ಅದು ಉರುಳಿಕೊಂಡು ಹೋಗಿ ಅವನ ಕಾಲ ಬಳಿ ಬಿತ್ತು. ಅವನು ಬಗ್ಗಿ ಎತ್ತಿ, ಒರೆಸಿ, ಗೋಡೆಯ ಮೊಳೆಗೆ ಅದರ ಜಾಗದಲ್ಲೇ ನೇತುಹಾಕಿದ. ಅವನ ಈ ಒಳ್ಳೆಯತನ ಕಂಡರೆ ನನ್ನ ಮೈ ಉರಿಯುತ್ತದೆ. ಬೈದರೆ ತಿರುಗಿ ಬೈಯಬೇಕು. ಅದು ಬಿಟ್ಟು ಎಸೆದದ್ದನ್ನು ಎತ್ತಿಡುತ್ತಾನೆ, ಎಲ್ಲರೂ ನೋಡುವ ಹಾಗೆ. ಕೆಲಸದವರು ನನ್ನನ್ನು ಬೆನ್ನ ಹಿಂದೆ ಸುತ್ತಿಗೆ ಎನ್ನುತ್ತಾರೆ, ಅವನನ್ನು ಬೆಣ್ಣೆ ಎನ್ನುತ್ತಾರೆ. ಅವನನ್ನು ಎದುರಿಗೂ ಹಾಗೇ ಕರೆದರೆ ನಗುತ್ತಾನೆ.

ಮೇಲಿನ ಗಾಜಿನ ಕೋಣೆಯಿಂದ ಅಕ್ಕ ಮೆಟ್ಟಿಲಿಳಿದು ಬಂದಳು.

"ಇಬ್ಬರೂ ಬಾಯಿ ಮುಚ್ಚಿ. ಪೆಟ್ಟಿಗೆ ಒತ್ತೋ ಅಚ್ಚು ಕೊರೆಯೋರು ಈ ವರ್ಷ ನಮಗೆ ಒಂದೇ ಅಚ್ಚು ಕೊಡೋದು. ಎರಡಕ್ಕೆ ಅವರಿಗೆ ಪುರುಸೊತ್ತಿಲ್ಲ. ಯಾವ ಪೆಟ್ಟಿಗೆ ಅಂತ ನಿಮ್ಮ ಗಂಟಲು ನೋಡಿ ತೀರ್ಮಾನ ಮಾಡಲ್ಲ ನಾನು."

ಹಾಗೆಂದವಳೇ ತಮ್ಮನ ಅಂಗಿಯ ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಿದಳು. ಅವನಿಗೆ ಮೂವತ್ತಾರು ವರ್ಷ. ನನ್ನ ಅಂಗಿಯ ಒಂದು ಗುಂಡಿ ಬೆಳಿಗ್ಗೆಯೇ ಕಿತ್ತುಹೋಗಿತ್ತು.

ನಮ್ಮದು ಚಿಕ್ಕ ಕಂಪನಿ. ಹಳೆಯ ಸೋಪಿನ ಕಾರ್ಖಾನೆಯೊಂದರಲ್ಲಿ ಭಾವ ಶುರುಮಾಡಿದ್ದು. ಬಿಸಿಲೇರಿದರೆ ಗೋಡೆಗಳು ಈಗಲೂ ಸೋಪಿನ ವಾಸನೆ ಬಿಡುತ್ತವೆ. ಮೊದಲ ಪೆಟ್ಟಿಗೆಯ ತಗಡನ್ನು ಬಡಿದು ಬಾಗಿಸಿದವನು ನಾನು. ಕಂಪ್ಯೂಟರಿನ ಒಳಗಿನ ಸಾಮಾನು ಎಲ್ಲರದ್ದೂ ಒಂದೇ. ದೊಡ್ಡ ಕಂಪನಿಗಳು ಕೊಳ್ಳುವ ಕಡೆಯೇ ನಾವೂ ಕೊಳ್ಳುತ್ತೇವೆ. ಬೇರೆಯಾಗಿರುವುದು ಪೆಟ್ಟಿಗೆ, ಮತ್ತು ಅದು ಹೋಗಿ ಯಾರ ಮುಂದೆ ಕೂರುತ್ತದೆ ಎಂಬುದು. ದೊಡ್ಡವರು ಲೋಕಕ್ಕೆಲ್ಲ ಒಂದೇ ಅಳತೆಯ ಅಂಗಿ ಹೊಲಿಯುತ್ತಾರೆ, ಅದು ಮೈಗೆ ಹಿಡಿಸದವರನ್ನು ಹುಡುಕಿಕೊಂಡು ಹೋಗುವುದೇ ನಮ್ಮ ವ್ಯಾಪಾರ ಎಂದು ಭಾವ ಹೇಳುತ್ತಿದ್ದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಗಾಜಿನ ಕೋಣೆಯಲ್ಲಿ ಅವರ ಕುರ್ಚಿ ಹಾಗೇ ಇದೆ. ಅಕ್ಕ ಅದರಲ್ಲಿ ಕೂರುವುದಿಲ್ಲ, ಪಕ್ಕದಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಂಡಿದ್ದಾಳೆ.

ಆ ಕುರ್ಚಿ ನನಗೆ ಬೇಕಾಗಿತ್ತು. ಮುಚ್ಚಿಡುವುದು ಏನಿದೆ.

ನನ್ನ ಕಂಪ್ಯೂಟರಿಗೆ ಗುಂಡುಕಲ್ಲು ಎಂದು ಹೆಸರಿಟ್ಟವನು ತಮ್ಮನೇ. ದಪ್ಪ ತಗಡು, ಮೇಲೊಂದು ಕಬ್ಬಿಣದ ಹಿಡಿ, ಕೈಗವಸು ಹಾಕಿಕೊಂಡೇ ಒತ್ತಬಹುದಾದ ದೊಡ್ಡ ಗುಂಡಿ. ಸ್ಕ್ರೂಗಳನ್ನು ನಾಣ್ಯದಿಂದಲೇ ಬಿಚ್ಚಬಹುದು. ಫ್ಯಾನಿನ ಮುಂದೆ ದೂಳು ತಡೆಯುವ ಬಟ್ಟೆಯ ಜಾಲರಿ. ಅದನ್ನು ಎಳೆದು, ತೊಳೆದು, ಮತ್ತೆ ಹಾಕಬಹುದು. ಆ ಜಾಲರಿಗೆ ನನ್ನ ಎರಡು ವರ್ಷ ಹೋಗಿದೆ. ಹಿಟ್ಟಿನ ಗೋದಾಮು, ಮರದ ಅಡ್ಡೆ, ಗ್ಯಾರೇಜು, ಇಂಥ ಕಡೆಗೆಂದೇ ಮಾಡಿದ್ದು. ತಮ್ಮನದು ಎರಡು ಬೆರಳು ದಪ್ಪ, ಬಿಳಿ ಬಣ್ಣ. ಫ್ಯಾನಿಲ್ಲ, ಸದ್ದಿಲ್ಲ, ಎಲ್ಲೂ ಒಂದು ತೂತಿಲ್ಲ. ಬಿಸಿ ಅದರ ಲೋಹದ ಬೆನ್ನಿನಿಂದಲೇ ಹೊರಗೆ ಹೋಗುತ್ತದೆ. ಓದುವ ಮಕ್ಕಳ ಹಾಸ್ಟೆಲಿಗೆ, ಮನೆಗಳಿಗೆ ಎಂದು ಅವನ ಲೆಕ್ಕ.

ಅಕ್ಕನ ತೀರ್ಮಾನ ಹೀಗಿತ್ತು. ಕೈಯಲ್ಲೇ ಮಾಡಿ ಒಂದೊಂದರದ್ದೂ ಹತ್ತು ಪೆಟ್ಟಿಗೆ ಸಿದ್ಧಮಾಡುವುದು. ಗುಂಡುಕಲ್ಲು ಸಗಟು ಮಾರುಕಟ್ಟೆಗೆ, ತಟ್ಟೆ ಹಾಸ್ಟೆಲುಗಳ ಬೀದಿಗೆ. ಆರು ವಾರ ಬಿಟ್ಟು ಹೋಗಿ ನೋಡುವುದು. ಅಲ್ಲಿವರೆಗೆ ನಾವಿಬ್ಬರೂ ಆ ಕಡೆ ತಲೆ ಹಾಕುವ ಹಾಗಿಲ್ಲ. "ಹೋಗಿ ಹಲ್ಲು ಕಿಸಿದು ಹೊಗಳಿಸ್ಕೊಂಡು ಬರ್ತೀರ, ನನಗೆ ಗೊತ್ತು. ಯಾರದ್ದು ಗೆಲ್ಲುತ್ತೋ ಅದಕ್ಕೆ ಅಚ್ಚು. ಅವರಿಗೇ ಈ ಕೋಣೆ."

ಪೆಟ್ಟಿಗೆಗಳನ್ನು ಕಟ್ಟಿ, ವಿಳಾಸದ ಚೀಟಿ ಅಂಟಿಸಿ ವ್ಯಾನಿಗೆ ಹಾಕಿಸುವುದು ನನ್ನ ಕೆಲಸ. ಅದರಲ್ಲಿ ನನಗೊಂದು ಕೆಟ್ಟ ಹೆಸರಿತ್ತು. ಹೋದ ವರ್ಷ ಚೀಟಿ ತಪ್ಪಿ ಒಂದು ಶಾಲೆಗೆ ಬರೀ ಕೀಬೋರ್ಡು, ಇನ್ನೊಂದು ಶಾಲೆಗೆ ಬರೀ ಪರದೆ ಹೋಗಿದ್ದವು. ಹತ್ತಿರದ ಅಕ್ಷರ ನನಗೆ ಕಾಣುವುದಿಲ್ಲ. ಅಕ್ಕ ಇಪ್ಪತ್ತೆರಡು ಜನ ಕೆಲಸದವರ ಮುಂದೆ ನನಗೆ ಬೈದು, "ಇನ್ನೊಂದು ಸಲ ಹೀಗಾದ್ರೆ ನೀನು ಚೀಟಿ ಮುಟ್ಟೋದೇ ಬೇಡ, ಕಾರ್ಖಾನೆ ಬೀಗದ ಕೈಯೂ ಬೇಡ," ಎಂದಿದ್ದಳು. ಮಾರನೆಯ ದಿನ ತಮ್ಮ ಒಂದು ಕನ್ನಡಕ ತಂದುಕೊಟ್ಟ. ನನ್ನನ್ನು ಕೇಳದೆ, ಕಣ್ಣಿನ ಡಾಕ್ಟರು ನನಗೆ ಕೊಟ್ಟಿದ್ದ ಹಳೆಯ ಚೀಟಿ ಹುಡುಕಿ, ನನ್ನ ಕಣ್ಣಿನ ನಂಬರು ತಿಳಿದುಕೊಂಡು ಮಾಡಿಸಿದ್ದ. ನಾನದನ್ನು ಮೂತಿಗೂ ಮುಟ್ಟಿಸದೆ ಮೇಜಿನ ಖಾನೆಗೆ ಎಸೆದಿದ್ದೆ.

ಇಪ್ಪತ್ತು ಪೆಟ್ಟಿಗೆಗಳನ್ನು ಕಳಿಸುವ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಅಕ್ಕ ಮೇಲಿನ ಕೋಣೆಯಲ್ಲಿ ತಮ್ಮನ ಜೊತೆ ಕೂತಿದ್ದಳು. ಗಾಜಿನಾಚೆ ಅವರ ಮಾತು ಕೇಳಿಸುತ್ತಿರಲಿಲ್ಲ, ಆದರೆ ಅಕ್ಕ ತನ್ನ ಊಟದ ಡಬ್ಬಿಯ ಮುಚ್ಚಳಕ್ಕೆ ಅರ್ಧ ಹಾಕಿ ಅವನ ಕಡೆ ತಳ್ಳಿದ್ದು ಕಂಡಿತು. ಚಿಕ್ಕಂದಿನಲ್ಲೂ ಹೀಗೇ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳು. ನಾನು ಎಂಟನೇ ತರಗತಿಗೆ ಊರ ಶಾಲೆ ಬಿಟ್ಟು ತಗಡು ಬಡಿಯಲು ಹೋದೆ. ಅವನು ಕಾಲೇಜು ಓದಿದ. ಅಕ್ಕನ ಬಾಯಲ್ಲಿ ಅವನು ಪುಟ್ಟ. ನಾನು 'ನೋಡಪ್ಪ'.

ಮುಚ್ಚಳ ಅವನ ಕಡೆ ಸರಿದ ಆ ಗಳಿಗೆಯಲ್ಲಿ ನಾನು ಖಾನೆ ಎಳೆದು ಕನ್ನಡಕ ತೆಗೆದೆ.

ಹಾಕಿಕೊಂಡೆ. ಅಕ್ಷರಗಳು ಇರುವೆಗಳ ಹಾಗೆ ಸ್ಪಷ್ಟವಾಗಿ ನಿಂತವು. ಇಪ್ಪತ್ತು ಪೆಟ್ಟಿಗೆ, ಇಪ್ಪತ್ತು ಚೀಟಿ. ಒಂದೊಂದನ್ನೂ ಓದಿದೆ. ಹಾಸ್ಟೆಲಿನ ಚೀಟಿಗಳನ್ನು ಗುಂಡುಕಲ್ಲಿಗೆ ಅಂಟಿಸಿದೆ, ಮಾರುಕಟ್ಟೆಯ ಚೀಟಿಗಳನ್ನು ತಟ್ಟೆಗೆ. ಅಂಟು ಒಣಗುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಅವನ ಬಿಳಿ ತಟ್ಟೆಗಳು ಹಿಟ್ಟಿನಲ್ಲೂ ಮರದ ಪುಡಿಯಲ್ಲೂ ಹದಿನೈದು ದಿನ ಬಾಳುವುದಿಲ್ಲ. ನನ್ನವು ಎಲ್ಲಿಟ್ಟರೂ ಸಾಯುವುದಿಲ್ಲ, ಹಾಸ್ಟೆಲಿನ ಮೂಲೆಯಲ್ಲಿ ಬಿದ್ದುಕೊಂಡಾದರೂ ಇರುತ್ತವೆ. ಯಾರಾದರೂ ಕೇಳಿದರೆ ಕಣ್ಣು ಕಾಣಲಿಲ್ಲ ಎನ್ನುವುದು, ಬೈಸಿಕೊಳ್ಳುವುದು. ಅವನು ಸೋತ ಮೇಲೆ ನಾನು ಬೈಸಿಕೊಂಡರೆ ಏನು ಕಷ್ಟ?

ಕನ್ನಡಕವನ್ನು ಒರೆಸಿ ಮತ್ತೆ ಖಾನೆಗೆ ಹಾಕಿದೆ.

ಆರು ವಾರ ಎಲ್ಲಿಂದಲೂ ದೂರು ಬರಲಿಲ್ಲ. ತಟ್ಟೆಗಳು ಸತ್ತ ಮೇಲೆ ದೂರು ಎಲ್ಲಿಂದ ಬರಬೇಕು ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆರನೆಯ ವಾರ ಮುಗಿದ ದಿನ ಮೂವರೂ ವ್ಯಾನಿನಲ್ಲಿ ಹೊರಟೆವು. ಅಕ್ಕ ಮುಂದೆ ಕೂತಳು. ಹಿಂದೆ ನಾನು, ತಮ್ಮ. ಅವನು ದಾರಿಯುದ್ದಕ್ಕೂ ಉಗುರು ಕಚ್ಚುತ್ತಿದ್ದ. ನನಗೆ ಅದೂ ಹಿತವಾಗಿತ್ತು.

ಮೊದಲು ಹಿಟ್ಟಿನ ಗೋದಾಮು. ಅಲ್ಲಿನ ಗುಮಾಸ್ತ ದಪ್ಪ ಮನುಷ್ಯ, ಹುಬ್ಬಿನ ತನಕ ಬೆಳ್ಳಗಾಗಿದ್ದ. ಮೇಜಿನ ಮೇಲೆ ತಕ್ಕಡಿ, ಚೀಲದ ಸೂಜಿ, ರಸೀದಿ ಪುಸ್ತಕಗಳು. ಕಂಪ್ಯೂಟರ್ ಕಾಣಲಿಲ್ಲ. ಎಸೆದಿದ್ದಾನೆ ಎಂದುಕೊಂಡೆ.

"ಪೆಟ್ಟಿಗೆ ಎಲ್ಲಿ ಯಜಮಾನ್ರೆ?" ಎಂದಳು ಅಕ್ಕ.

ಅವನು ಗೋಡೆ ತೋರಿಸಿದ. ಕಣ್ಣಿನ ಎತ್ತರಕ್ಕೆ ಎರಡು ಮೊಳೆ ಹೊಡೆದು ತಟ್ಟೆಯನ್ನು ನೇತುಹಾಕಿದ್ದ. ಪಕ್ಕದಲ್ಲೇ ಪರದೆ. ಅಂಚಿನ ಮೇಲೆಲ್ಲ ಬೆರಳು ದಪ್ಪ ಹಿಟ್ಟು. ಪರದೆ ಬೆಳಗುತ್ತಿತ್ತು.

"ಮೇಜಿನ ಮೇಲೆ ನನಗೇ ಜಾಗ ಇಲ್ಲ. ಅದಕ್ಕೆ ಕ್ಯಾಲೆಂಡರ್ ತೆಗೆದು ಇದನ್ನ ನೇತುಹಾಕ್ದೆ. ಯಾರಮ್ಮ ಇದನ್ನ ಮಾಡಿದ್ದು? ಒಂದು ಸಲ ಕೈ ಕುಲುಕ್ಬೇಕು."

"ಕೆಟ್ಟಿಲ್ವಾ?" ಎಂದೆ ನಾನು.

"ಯಾಕೆ ಕೆಡುತ್ತೆ? ಮೊದಲು ಇದ್ದದ್ದು ಫ್ಯಾನಿನಿಂದ ಹಿಟ್ಟನ್ನೆಲ್ಲ ಎಳ್ಕೊಂಡು ಹೊಟ್ಟೆ ತುಂಬಿಸ್ಕೊಳ್ತಿತ್ತು, ತಿಂಗಳಿಗೊಂದು ಸಲ ಅಜೀರ್ಣ. ಅದಕ್ಕೂ ಜಾಲರಿ ಇತ್ತು. ಜಾಲರಿ ತೊಳೆಯೋರು ಯಾರು, ನಿಮ್ಮಪ್ಪನಾ? ಇದಕ್ಕೆ ಬಾಯೇ ಇಲ್ಲವಲ್ಲ ಸ್ವಾಮಿ, ಏನು ತಿನ್ನುತ್ತೆ?"

ಅಲ್ಲಿ ನಿಂತಲ್ಲೇ ನನಗೆ ಗೊತ್ತಾಯಿತು. ಎರಡು ವರ್ಷ ಜಾಲರಿ ಮೇಲೆ ಜಾಲರಿ ಹೊಲಿದಿದ್ದೆ, ದೂಳನ್ನು ಹೇಗೆ ತಡೆಯುವುದು ಎಂದು. ಗಾಳಿ ಎಳೆಯದಿದ್ದರೆ ದೂಳು ಒಳಗೆ ಬರುವುದೇ ಇಲ್ಲ. ಹಾಸ್ಟೆಲಿನ ಮಕ್ಕಳಿಗೆ ಸದ್ದು ಬೇಡವೆಂದು ಅವನು ಫ್ಯಾನು ತೆಗೆದಿದ್ದ. ಹಿಟ್ಟಿನ ಬಗ್ಗೆ ಅವನು ಯೋಚನೆಯನ್ನೇ ಮಾಡಿರಲಿಲ್ಲ. ಆದರೂ ಉತ್ತರ ಅವನದೇ ಆಗಿತ್ತು.

ಅಕ್ಕ ತಟ್ಟೆಯನ್ನೂ ನಮ್ಮಿಬ್ಬರನ್ನೂ ನೋಡಿದಳು. "ಇದು ನಿಂದಲ್ವಾ ಪುಟ್ಟ? ಇಲ್ಲಿಗೆ ಹೇಗೆ ಬಂತು? ಇಲ್ಲಿಗೆ ಬರಬೇಕಾಗಿದ್ದು ಗುಂಡುಕಲ್ಲು."

ಗುಮಾಸ್ತ ಆರು ವಾರದ ಅನುಭವ ಬರೆದಿಟ್ಟ ಹಾಳೆಯನ್ನು ನನ್ನ ಕೈಗೆ ಕೊಟ್ಟಿದ್ದ. ಅದನ್ನು ನಾನು ತೋಳು ನೀಡಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ತಮ್ಮ ನನ್ನನ್ನೇ ನೋಡಿದ, ಆ ಹಾಳೆಯನ್ನು ನೋಡಿದ. ಆಮೇಲೆ ಹೇಳಿದ:

"ನಾನೇ ಅಕ್ಕ. ಚೀಟಿ ಅದಲು ಬದಲು ಮಾಡಿಸಿದ್ದು ನಾನೇ. ಎರಡೂ ಎಲ್ಲಿ ನಿಲ್ಲುತ್ತೆ ಅಂತ ಪರೀಕ್ಷೆ ಮಾಡೋಣ ಅನ್ನಿಸ್ತು. ನಿನಗೆ ಹೇಳಿದ್ರೆ ಬೇಡ ಅಂತಿದ್ದೆ."

ನಾನು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಹಾಸ್ಟೆಲಿನಲ್ಲೂ ಅದೇ ಕಥೆ, ತಿರುಗಾಮುರುಗಾ. ಆರು ಹುಡುಗಿಯರಿಗೆ ಒಂದು ಗುಂಡುಕಲ್ಲು. ಹಿಡಿ ಹಿಡಿದು ಕೋಣೆಯಿಂದ ಕೋಣೆಗೆ ಹೊತ್ತುಕೊಂಡು ತಿರುಗುತ್ತಿದ್ದರು. ನಾಣ್ಯದಿಂದ ಸ್ಕ್ರೂ ಬಿಚ್ಚಿ, ಒಳಗೆ ತಮಗೆ ಬೇಕಾದ ಸಾಮಾನು ಸೇರಿಸಿಕೊಂಡಿದ್ದರು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಒಬ್ಬಳು ಅದರ ಮೇಲೆ ಕೂತು ಊಟ ಮಾಡುತ್ತಿದ್ದಳು.

"ಫ್ಯಾನು ಸದ್ದು ಮಾಡಲ್ವೇನಮ್ಮ?" ಎಂದ ತಮ್ಮ.

"ನಾವು ಆರು ಜನ ಮಾಡೋ ಸದ್ದಲ್ಲಿ ಅದು ಎಲ್ಲಿ ಕೇಳ್ಬೇಕು ಅಂಕಲ್? ಬೇರೆ ಕಂಪನಿಯದ್ದು ಬಿಚ್ಚಿದ್ರೆ ಗ್ಯಾರಂಟಿ ಹೋಗುತ್ತೆ ಅಂತಾರೆ. ಇದು 'ಬಿಚ್ಚು ಬಿಚ್ಚು' ಅಂತ ಕರೆಯುತ್ತೆ."

ಅದು ನನ್ನ ಪೆಟ್ಟಿಗೆ. ನನ್ನ ಹಿಡಿ, ನನ್ನ ಸ್ಕ್ರೂ. ನಾನು ಕುಣಿಯಬೇಕಾಗಿತ್ತು. ಆದರೆ ಹೊರಗೆ ಬೀದಿಗೆ ಬಂದಾಗ ಅಕ್ಕನ ಕೈ ತಮ್ಮನ ಹೆಗಲ ಮೇಲಿತ್ತು. "ಎರಡು ಮಾರುಕಟ್ಟೆ ಒಂದೇ ಏಟಿಗೆ ಹಿಡಿದ್ಯಲ್ಲ ಪುಟ್ಟ. ನಿನಗೆ ಇದು ಹೇಗೆ ಹೊಳೀತು?" ಎಂದಳು. ಅವನು ನಾಚಿಕೊಂಡ. ನಾಚಿಕೊಂಡನೇ ಹೊರತು ಇಲ್ಲ ಎನ್ನಲಿಲ್ಲ. ಮನೆ ತಲುಪುವವರೆಗೆ ಅವಳು ಪುಟ್ಟ ಎಂದದ್ದು ಹದಿನಾಲ್ಕು ಸಲ. ನಾನು ಎಣಿಸಿದ್ದೇನೆ.

ಮಾರನೆಯ ಬೆಳಿಗ್ಗೆ ಅಕ್ಕ ನಮ್ಮಿಬ್ಬರನ್ನೂ ಗಾಜಿನ ಕೋಣೆಗೆ ಕರೆದಳು. ಭಾವನ ಕುರ್ಚಿಯ ಮೇಲಿನ ಹೊದಿಕೆ ತೆಗೆದಿದ್ದಳು. ಮೇಜಿನ ಮೇಲೆ ಕೋಣೆಯ ಬೀಗದ ಕೈ.

"ಈ ವರ್ಷ ತಟ್ಟೆಗೆ ಅಚ್ಚು. ಮಾರುಕಟ್ಟೆಯವರು ಕಾಯಲ್ಲ. ಗುಂಡುಕಲ್ಲನ್ನ ಸದ್ಯಕ್ಕೆ ಕೈಯಲ್ಲೇ ಬಡಿದು ಹಾಸ್ಟೆಲುಗಳಿಗೆ ಕೊಡೋಣ, ಬರೋ ವರ್ಷ ಅದರ ಅಚ್ಚು. ಯಾವ ಪೆಟ್ಟಿಗೆ ಯಾರಿಗೆ ಅಂತ ಪುಟ್ಟ ನಿರ್ಧಾರ ಮಾಡ್ಲಿ, ಅವನಿಗೆ ಆ ಕಣ್ಣಿದೆ. ಅವನು ಇಲ್ಲಿ ಕೂರ್ಲಿ. ನೋಡಪ್ಪ, ನೀನು ಕೆಳಗೆ ಕೆಲಸ ನೋಡ್ಕೋ. ನಿನ್ನಷ್ಟು ತಗಡು ಬಲ್ಲವರು ಯಾರಿದ್ದಾರೆ?"

"ಅವನಿಗೆ ಯಾವ ಕಣ್ಣೂ ಇಲ್ಲ," ಎಂದೆ. "ಸುಳ್ಳು ಹೇಳ್ತಿದ್ದಾನೆ. ಚೀಟಿ ಬದಲಿಸಿದವನು ನಾನು."

ಅಕ್ಕ ಬೇಸರದ ನಗೆ ನಕ್ಕಳು. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಲಿ ಕಣೋ."

"ಬಿಡು ಅಣ್ಣ," ಎಂದ ತಮ್ಮ.

"ಯಾಕೆ ಬಿಡ್ಬೇಕು? ನೀನು ಚೀಟಿ ಮುಟ್ಟಿದ್ಯಾ? ನನ್ನ ಮುಖ ನೋಡಿ ಹೇಳು."

ಅವನು ನನ್ನ ಮುಖ ನೋಡಲಿಲ್ಲ, ಅಕ್ಕನ ಮುಖ ನೋಡಿದ. "ಅಣ್ಣ ಹೇಳೋದು ನಿಜ ಅಕ್ಕ. ನಾನು ಮುಟ್ಟಿಲ್ಲ. ಕನ್ನಡಕ ಹಾಕ್ಕೊಳ್ಳದೆ ಅಂಟಿಸಿದ್ದಾನೆ, ಎಲ್ಲ ತಿರುಗುಮುರುಗು ಆಗಿದೆ. ಹೋದ ವರ್ಷ ನೀನು ಎಲ್ಲರ ಮುಂದೆ ಬೈದ್ಯಲ್ಲ, ಮತ್ತೆ ಹಾಗೆ ಆಗೋದು ಬೇಡ ಅಂತ ನನ್ನ ಮೈಮೇಲೆ ಹಾಕ್ಕೊಂಡೆ. ಆಮೇಲೆ ನೀನು ಹೊಗಳ್ದೆ." ಅವನು ತಲೆ ಕೆರೆದುಕೊಂಡ. "ಹೊಗಳಿಸ್ಕೊಳ್ಳೋಕೆ ಚೆನ್ನಾಗಿತ್ತು. ಬಾಯಿ ಮುಚ್ಕೊಂಡೆ. ಅದು ನನ್ನ ತಪ್ಪು. ಕುರ್ಚಿ ಅಣ್ಣನಿಗೇ ಕೊಡು, ನನಗೇನಿಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕನಿಕರ ಇತ್ತು. ಕಣ್ಣು ಕಾಣದ ಮುದುಕನನ್ನು ರಸ್ತೆ ದಾಟಿಸುವವರ ಕನಿಕರ.

"ಕಣ್ಣು ತಪ್ಪಾಯ್ತು ಅಂತ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲೋ," ಎಂದಳು ಮೆತ್ತಗೆ. "ನಾನೇನು ತಿಂದು ಹಾಕ್ತಿದ್ನಾ?"

'ಹೌದು, ತಪ್ಪಾಯಿತು' ಎಂದಿದ್ದರೆ ಸಾಕಿತ್ತು. ಎರಡು ಪದ. ಕುರ್ಚಿಯೂ ಸಿಗುತ್ತಿತ್ತು, ತಮ್ಮನೂ ಉಳಿಯುತ್ತಿದ್ದ. ಆದರೆ ಅವನು ಕೊಟ್ಟ ಕುರ್ಚಿಯಲ್ಲಿ, ಅವನು ಹೊರಿಸಿದ ತಪ್ಪನ್ನು ಹೊತ್ತು ನಾನು ಕೂರಬೇಕೇ?

"ತಪ್ಪಲ್ಲ," ಎಂದೆ. "ಬೇಕಂತಲೇ ಮಾಡಿದ್ದು. ಇವನ ತಟ್ಟೆ ಹಿಟ್ಟು ತಿಂದು ಸಾಯ್ಲಿ ಅಂತ ಮಾಡಿದ್ದು. ಇವನು ನಿನ್ನ ಕಣ್ಣೆದುರಿಗೆ ಮಣ್ಣು ಮುಕ್ಕಲಿ ಅಂತ."

ಕೆಳಗೆ ತಗಡು ಒತ್ತುವ ಪ್ರೆಸ್ಸು ಒಂದೇ ಸಮನೆ ಬಡಿಯುತ್ತಿತ್ತು. ಅಕ್ಕ ಮಡಚುವ ಕುರ್ಚಿಯಲ್ಲಿ ಕುಸಿದಳು.

ತಮ್ಮ ಕೇಳಿದ, ಕೆಲಸದ ವಿಷಯ ಕೇಳುವ ಹಾಗೆ: "ಇಪ್ಪತ್ತೂ ಚೀಟೀನಾ ಅಣ್ಣ?"

"ಇಪ್ಪತ್ತೂ."

"ಓದಿ?"

"ಒಂದೊಂದೂ ಓದಿ. ನೀನು ತಂದುಕೊಟ್ಟ ಕನ್ನಡಕ ಹಾಕ್ಕೊಂಡು."

ಅವನ ಮುಖ ಆಗ ಬದಲಾಯಿತು. ಅಲ್ಲಿಯತನಕ ಅವನು ನನ್ನನ್ನು ನಂಬದೆ ಇರಲು ಏನೋ ಒಂದು ಹಿಡಿದುಕೊಂಡಿದ್ದ. ಅದನ್ನು ಕೈಬಿಟ್ಟ. ಅಂಗಿಯ ಜೇಬಿನಿಂದ ಅಳತೆಯ ಪಟ್ಟಿ ತೆಗೆದ, ಪೆನ್ನು ತೆಗೆದ, ಎರಡನ್ನೂ ಬೀಗದ ಕೈಯ ಪಕ್ಕದಲ್ಲಿಟ್ಟ. "ಅಕ್ಷರ ಚೆನ್ನಾಗಿ ಕಾಣ್ತಾ?" ಎಂದು ಕೇಳಿದ.

"ಪುಟ್ಟ," ಎಂದಳು ಅಕ್ಕ.

ಅವನು ಮೆಟ್ಟಿಲಿಳಿದು ಹೋದ. ಬೆಂಚಿನ ಬಳಿ ನೆಲದ ಮೇಲೆ ಯಾರೋ ಬೀಳಿಸಿದ ಸ್ಕ್ರೂಡ್ರೈವರ್ ಬಿದ್ದಿತ್ತು. ಅವನು ಬಗ್ಗಲಿಲ್ಲ, ದಾಟಿಕೊಂಡು ಹೋದ. ಕೆಲಸದವರಲ್ಲಿ ಒಬ್ಬ ಏನೋ ತಮಾಷೆ ಮಾಡಿದ. ಅವನು ನಗಲಿಲ್ಲ. ಕಬ್ಬಿಣದ ಗೇಟು ಒಮ್ಮೆ ಕಿರ್ ಎಂದಿತು.

ಸಂಜೆಗೆ ಬರುತ್ತಾನೆ ಎಂದುಕೊಂಡೆವು, ವಾರ ಕಳೆದರೆ ಬರುತ್ತಾನೆ ಎಂದುಕೊಂಡೆವು. ಬರಲಿಲ್ಲ. ತಟ್ಟೆಯ ಅಚ್ಚು ಬಂತು. ಮಾರುಕಟ್ಟೆಯಲ್ಲಿ ಈಗ ಗೋಡೆಗೋಡೆಗೂ ಅದೇ ನೇತಾಡುತ್ತಿದೆ. ಹಾಸ್ಟೆಲುಗಳಿಗೆ ಗುಂಡುಕಲ್ಲನ್ನು ಕೆಳಗೆ ಬಡಿಯುತ್ತಲೇ ಇದ್ದಾರೆ, ಸಾಲುತ್ತಿಲ್ಲ.

ಕೂರಲು ಬೇರೆ ಯಾರೂ ಉಳಿದಿಲ್ಲ, ಈಗ ನಾನು ಭಾವನ ಕುರ್ಚಿಯಲ್ಲಿ ಕೂರುತ್ತೇನೆ. ಅಕ್ಕ ತನ್ನ ಮಡಚುವ ಕುರ್ಚಿಯನ್ನು ಗಾಜಿನ ಕಡೆಗೆ, ಗೇಟು ಕಾಣುವ ಹಾಗೆ ತಿರುಗಿಸಿಕೊಂಡಿದ್ದಾಳೆ. ಗೇಟು ಸದ್ದಾದಾಗಲೆಲ್ಲ ತಲೆ ಎತ್ತುತ್ತಾಳೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ಮುಚ್ಚಳಕ್ಕೆ ಅರ್ಧ ಹಾಕಿ, ಪಕ್ಕದಲ್ಲಿಟ್ಟುಕೊಂಡು ತಿನ್ನುತ್ತಾಳೆ. ನಾನು ಅಲ್ಲೇ ಎರಡು ಮಾರು ದೂರದಲ್ಲಿ ಇರುತ್ತೇನೆ. ಮುಚ್ಚಳ ನನ್ನ ಕಡೆ ಸರಿಯುವುದಿಲ್ಲ.